ಕೊನೆಯ ಪುಟದ ರೊಟ್ಟಿ

ನನಗೆ ಕಾಯುವುದೆಂದರೆ ಆಗದು. ಬಸ್ಸಿಗೆ ನಿಂತರೆ ಹತ್ತು ಸಲ ರಸ್ತೆಗೆ ಇಳಿದು ನೋಡುತ್ತೇನೆ, ಅನ್ನಕ್ಕಿಟ್ಟರೆ ಕುದಿಯುವ ಮೊದಲೇ ಮುಚ್ಚಳ ತೆಗೆಯುತ್ತೇನೆ. ಇಂಥವಳನ್ನು ದೇವರು ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ದಿನವಿಡೀ ಒಂದೇ ಕಡೆ ಕೂರುವ ಕೆಲಸಕ್ಕೆ ಹಾಕಿದ. ಅದು ಸಾಲದು ಅಂತ ಕತೆ ಕೇಳುವ ಹುಚ್ಚನ್ನೂ ಹಚ್ಚಿದ. ಕತೆ ಕೇಳುವುದೆಂದರೆ ಮತ್ತೇನು, ಅದೂ ಕಾಯುವುದೇ.

ಶೆಡ್ಡಿನಲ್ಲಿ ನಾವು ಹೆಂಗಸರು ತಾಡಪತ್ರಿಯ ಮೇಲೆ ಸಾಲಾಗಿ ಕೂತು, ಒಣಗಿ ಬಂದ ದ್ರಾಕ್ಷಿಯಿಂದ ಕಡ್ಡಿ, ಹರಳು, ಕಪ್ಪಾದ ಕಾಳು ಆರಿಸಿ ತೆಗೆಯುತ್ತೇವೆ. ಸಂಜೆ ಒಬ್ಬೊಬ್ಬರ ಬುಟ್ಟಿ ತೂಕಕ್ಕೆ ಹೋಗುತ್ತದೆ. ಮೊದಲು ಮೊಬೈಲಿನಲ್ಲಿ ಹಾಡು ಹಚ್ಚುತ್ತಿದ್ದೆವು. ಒಬ್ಬಳಿಗೆ ಬೇಕಾದ ಹಾಡು ಇನ್ನೊಬ್ಬಳಿಗೆ ಬೇಡ, ಹಾಡಿಗಿಂತ ನಮ್ಮ ಜಗಳವೇ ಜೋರು. ಹೋದ ವರ್ಷ ಬಿಜ್ಜರಗಿಯ ರೇಣುಕಾ ಕೆಲಸಕ್ಕೆ ಬಂದಳು. ಬಿ.ಎ. ಮುಗಿಸಿ ಮಾಸ್ತರಿಕೆಯ ಪರೀಕ್ಷೆಗೆ ಓದುತ್ತಿರುವ ಹುಡುಗಿ. ಊಟದ ಹೊತ್ತಿಗೆ ಗೋಡೆಗೆ ಒರಗಿ ಒಂದು ಕಾದಂಬರಿ ಹಿಡಿದು ಒಬ್ಬಳೇ ನಗುತ್ತಿದ್ದಳು. ನಮ್ಮ ಪೈಕಿ ಹಿರಿಯಳಾದ ಬೋರವ್ವನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಒಬ್ಬಾಕೀನ ನುಂಗಬ್ಯಾಡ ಬೇ, ನಮಗೂ ಒಂಚೂರು ಹಾಕು. ಜೋರಾಗಿ ಓದು" ಎಂದು ಗದರಿಸಿದಳು.

ಅಂದಿನಿಂದ ರೇಣುಕಾ ನಮ್ಮ ಓದುವ ಹುಡುಗಿಯಾದಳು. ಅವಳು ಓದಲು ಕೂತರೆ ಕೈ ನಿಲ್ಲುತ್ತದೆ, ಬುಟ್ಟಿ ತುಂಬುವುದಿಲ್ಲ. ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಒಂದು ಅಧ್ಯಾಯ ಮುಗಿದ ಕೂಡಲೇ ಪ್ರತಿಯೊಬ್ಬಳೂ ತಾನು ಆರಿಸಿದ್ದರಲ್ಲಿ ಒಂದು ಬೊಗಸೆ ತೆಗೆದು ರೇಣುಕಾಳ ಬುಟ್ಟಿಗೆ ಹಾಕಬೇಕು. ಬರುಬರುತ್ತ ಆ ಬೊಗಸೆಯೇ ನಮ್ಮ ಅಭಿಪ್ರಾಯವಾಯಿತು. ಅಧ್ಯಾಯ ಮನಸ್ಸಿಗೆ ಬಂದರೆ ಬೊಗಸೆ ಉಕ್ಕುತ್ತಿತ್ತು. ಬೇಸರ ತಂದರೆ ಬೋರವ್ವ ಮೂರು ಬೆರಳಲ್ಲಿ ಚಿಟಿಕೆ ಹಿಡಿದು, "ಬರದಾವಗ ಇಷ್ಟ ಸಾಕು, ಬರೇ ಗಿಡಾ ಬಳ್ಳಿ ವರ್ಣನಾ" ಎನ್ನುತ್ತಿದ್ದಳು. ಪಾಪ, ಬರೆದವನ ತಪ್ಪಿಗೆ ರೇಣುಕಾಳ ತೂಕ ಕಡಿಮೆಯಾಗುತ್ತಿತ್ತು.

ಪುಸ್ತಕಗಳು ವಿಜಯಪುರದಿಂದ ಬರುತ್ತಿದ್ದವು. ಗೋಳಗುಮ್ಮಟದ ಕಡೆಯ ಒಂದು ಓಣಿಯಲ್ಲಿ ಚಂದ್ರಕಾಂತ ಎಂಬ ಹಿರಿಯರಿದ್ದಾರೆ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ತಮ್ಮ ಮನೆಯ ಮಹಡಿಯಲ್ಲಿ ತಿಂಗಳ ಕೊನೆಯ ಭಾನುವಾರ ಓದುಗರನ್ನು ಕೂಡಿಸುತ್ತಾರೆ. ಅಲ್ಲಿ ಭಾಷಣವಿಲ್ಲ, ಹಾರ ತುರಾಯಿ ಇಲ್ಲ. ಇತ್ತೀಚೆಗೆ ಖುಷಿಗೆ ಅಂತ ಏನು ಓದಿದಿರಿ, ಹೇಗನಿಸಿತು, ಅಷ್ಟು ಹೇಳಿ ಚಹಾ ಕುಡಿದು ಹೋಗಬೇಕು. ಶೆಡ್ಡಿನ ಓದಿನ ಸುದ್ದಿಯನ್ನು ರೇಣುಕಾ ಅಲ್ಲಿ ಹೇಳಿದಾಗ ಅವರು ಒಂದು ದಪ್ಪ ಕಾದಂಬರಿ ಕೊಟ್ಟು, "ಇದು ಮುಗದ ಮ್ಯಾಲ ನಿಮ್ಮ ಪೈಕಿ ಒಬ್ಬರು ಬಂದು ಹೆಂಗ ಅನಸ್ತು ಅಂತ ಹೇಳಬೇಕ್ರಿ" ಎಂದು ಹೇಳಿ ಕಳಿಸಿದ್ದರು.

ನೀಲಿ ಹೊದಿಕೆಯ ಪುಸ್ತಕ. ಸಮುದ್ರದ ಕಡೆಯ ಒಂದು ಊರು, ನಡುವೆ ಹೊಳೆ, ಹೊಳೆಯ ಈಚೆ ದಡದಲ್ಲಿ ಅಕ್ಕ, ಆಚೆ ದಡದಲ್ಲಿ ತಂಗಿ. ತಂಗಿ ತನಗೆ ಬೇಕಾದವನನ್ನು ಕಟ್ಟಿಕೊಂಡು ದೋಣಿ ಹತ್ತಿದ ದಿನದಿಂದ ಇಬ್ಬರಿಗೂ ಮಾತಿಲ್ಲ. ನಾವು ಸಮುದ್ರ ನೋಡಿದವರಲ್ಲ. ದೋಣಿ ಎಂದರೆ ಬೋರವ್ವನಿಗೆ ಕೆರೆಯ ತೆಪ್ಪದಷ್ಟೇ ಗೊತ್ತು. ಆದರೂ ಆ ಅಕ್ಕತಂಗಿಯರು ಬಂದು ನಮ್ಮ ತಾಡಪತ್ರಿಯ ಮೇಲೇ ಕೂತುಬಿಟ್ಟರು. ಕತೆಯಲ್ಲಿ ಅವರಿಗೆ ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಮೀನಿನ ಸಾರು. "ಅಯ್ಯ ಶಿವನ, ಗಂಜಿ ಕುಡದ ಕುಡದ ಇವರಿಗಿ ಸಿಟ್ಟ ಬಂದಿದ್ದು, ಒಂದ ರೊಟ್ಟಿ ತಿಂದಿದ್ರ ಎಲ್ಲಾ ಸರಿ ಆಗ್ತಿತ್ತು" ಎಂದು ನಾನು ತಮಾಷೆ ಮಾಡುತ್ತಿದ್ದೆ.

ಶೆಡ್ಡು ಎರಡು ಪಕ್ಷವಾಯಿತು. ಬೋರವ್ವ ಅಕ್ಕನ ಕಡೆ. ನಾನು ಯಾರ ಕಡೆಯೂ ಅಲ್ಲ, ಮುಂದೇನಾಯಿತು ಹೇಳಿ ಮುಗಿಸಿ ಎನ್ನುವ ಪಕ್ಷ. ತಂಗಿಯ ಕಡೆ ಗಟ್ಟಿಯಾಗಿ ನಿಂತವಳು ಮಾಶಾಬಿ. ಯಾರಾದರೂ ತಂಗಿಯನ್ನು ಬೈದರೆ ಆರಿಸುವ ಕೈ ನಿಲ್ಲಿಸಿ, "ನಿಮಗೇನ ಗೊತ್ತು ಆಕೀ ಸಂಕಟಾ" ಎಂದು ಮೇಲೆ ಬೀಳುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಮಾಶಾಬಿಗೂ ಒಬ್ಬಳು ಅಕ್ಕ, ಗುಲಶನ, ಬಬಲೇಶ್ವರದಲ್ಲಿ. ಅವರ ತಾಯಿ ಅಕ್ಕನ ಮನೆಯಲ್ಲೇ ಇದ್ದಳು, ಅಲ್ಲೇ ತೀರಿಕೊಂಡಳು. ಸುದ್ದಿ ತಿಳಿದು ಮಾಶಾಬಿ ಇಲ್ಲಿಂದ ಹೊರಟಳು, ದಾರಿಯಲ್ಲಿ ಬಸ್ಸು ಕೆಟ್ಟಿತು. ಹೊತ್ತು ಮೀರುತ್ತದೆ ಎಂದು ಹಿರಿಯರು ಅವಸರ ಮಾಡಿದರು, ಗುಲಶನ ತಡೆಯಲಿಲ್ಲ. ಇವಳು ಹೋಗಿ ಮುಟ್ಟುವ ಹೊತ್ತಿಗೆ ಹೆಣ ಮನೆಯಿಂದ ಹೊರಟುಹೋಗಿತ್ತು. ತಾಯಿಯ ಮುಖ ನೋಡಲಾಗಲಿಲ್ಲ. ಅಂಗಳದಲ್ಲಿ ನಿಂತು, ನೆರೆದ ಮಂದಿಯ ಮುಂದೆ, "ಇವತ್ತ ನನ್ನ ಪಾಲಿಗಿ ನೀನೂ ಹೋದಿ" ಎಂದು ಅಕ್ಕನಿಗೆ ಅಂದು ಬಂದವಳು ಮತ್ತೆ ಆ ಊರಿನ ಕಡೆ ಮುಖ ಮಾಡಿರಲಿಲ್ಲ. ಇದೆಲ್ಲ ಆಗಿ ನಾಲ್ಕೈದು ವರ್ಷವಾಗಿತ್ತು. ಬಬಲೇಶ್ವರದ ಹೆಸರೆತ್ತಿದರೆ ಮಾತು ಬದಲಿಸುತ್ತಿದ್ದಳು.

ಅಂಥವಳು ಒಂದು ದಿನ ಓದು ನಡೆದಿರುವಾಗಲೇ ಅಂದಳು, "ಈ ಇಬ್ಬರೂ ಒಂದಾಗ್ಲಿ. ಇವರು ಒಂದಾದ್ರ ನಾನೂ ಬಬಲೇಶ್ವರಕ್ಕ ಹೋಗಿ ಬರ್ತೇನಿ. ಅಲ್ಲಾನ ಆಣಿ."

ಯಾರೂ ನಗಲಿಲ್ಲ. ರೇಣುಕಾ ಪುಟದಿಂದ ತಲೆ ಎತ್ತಿ ಅವಳನ್ನು ನೋಡಿ ಮತ್ತೆ ತಗ್ಗಿಸಿದಳು. ಹುಡುಗಿ ಮನೆಯಲ್ಲಿ ಮುಂಚೆಯೇ ಓದಿಕೊಂಡು ಬರುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಕೊನೆಯ ಅಧ್ಯಾಯ ಶುಕ್ರವಾರ ಬಂತು. ಬೇಸಿಗೆಯ ಬಿಸಿಲಿಗೆ ತಗಡು ಕಾದು ಶೆಡ್ಡು ಒಲೆಯಾಗಿತ್ತು, ಆದರೂ ಯಾರೂ ನೀರಿಗೂ ಏಳಲಿಲ್ಲ. ತಂಗಿ ದೋಣಿ ಇಳಿದಳು. ಅಕ್ಕನ ಮನೆಯ ಜಗಲಿಗೆ ಬಂದಳು. ಬಾಗಿಲು ಮುಚ್ಚಿತ್ತು. ಇಲ್ಲಿಗೆ ಬಂದು ರೇಣುಕಾ ನಿಲ್ಲಿಸಿದಳು. ಗಂಟಲು ಸರಿ ಮಾಡಿಕೊಂಡಳು. ನಾನು ಕೂತಲ್ಲೇ ಒದ್ದಾಡಿದೆ, "ಮುಂದ ಓದ ಬೇ, ಜೀವಾ ತಿನಬ್ಯಾಡ!"

ಓದಿದಳು. ಬಾಗಿಲು ತೆರೆಯಿತು. ಅಕ್ಕ ಮಾತಿಲ್ಲದೆ ತಂಗಿಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಮಣೆ ಹಾಕಿ ಕೂರಿಸಿ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿಕೊಟ್ಟಳು. ಇಬ್ಬರೂ ಅತ್ತರು. ಕತೆ ಮುಗಿಯಿತು.

ಶೆಡ್ಡಿನಲ್ಲಿ ಮೂಗು ಸೀನುವ ಸದ್ದು ಬಿಟ್ಟರೆ ಬೇರೇನಿಲ್ಲ. ಮಾಶಾಬಿ ಎದ್ದು ಬಂದಳು. ಬೊಗಸೆಯಲ್ಲ, ತನ್ನ ಬುಟ್ಟಿಯನ್ನೇ ಎತ್ತಿ ಅರ್ಧದಷ್ಟು ರೇಣುಕಾಳ ಬುಟ್ಟಿಗೆ ಸುರಿದಳು. ರೇಣುಕಾ ಬೇಡ ಬೇಡ ಎನ್ನುತ್ತ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. "ತಗೋ ನನ್ನವ್ವಾ. ಐತವಾರ ವಿಜಯಪುರಕ್ಕ ಹೋಗಿ ಪುಸ್ತಕದ ಬಗ್ಗೆ ನಾನ ಮಾತಾಡ್ತೇನಿ. ಅಲ್ಲಿಂದ ಸೀದಾ ಬಬಲೇಶ್ವರ" ಎಂದು ಮಾಶಾಬಿ ಸಾರಿದಳು. ಎಲ್ಲರೂ ಕೈ ತಟ್ಟಿದರು.

ನಾನೂ ತಟ್ಟಿದೆ. ಆದರೆ ನನ್ನೊಳಗೆ ಒಂದು ಹುಳ ಹೊಕ್ಕಿತ್ತು. ಇಡೀ ಪುಸ್ತಕದಲ್ಲಿ ಗಂಜಿ ಕುಡಿದ ಮನೆಯಲ್ಲಿ ಕೊನೆಯ ಪುಟಕ್ಕೆ ಜೋಳದ ರೊಟ್ಟಿ ಎಲ್ಲಿಂದ ಬಂತು? ಸಮುದ್ರದ ದಂಡೆಯಲ್ಲಿ ಶೇಂಗಾ ಹಿಂಡಿ ಕುಟ್ಟಿದವರು ಯಾರು?

ತನಗೆ ಭಾನುವಾರ ಬರಲಾಗುವುದಿಲ್ಲ, ಮನೆಯಲ್ಲಿ ನೆಂಟರು ಬರುತ್ತಾರೆ ಎಂದು ರೇಣುಕಾ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು, ಚಂದ್ರಕಾಂತರಿಗೆ ಮುಟ್ಟಿಸು ಎಂದು. ಕೊಡುವಾಗ ಮುಖ ನೋಡಲಿಲ್ಲ. ನಾನು ಏಳನೆಯ ಇಯತ್ತೆ ಕಲಿತವಳು. ಓದಲು ಬರುತ್ತದೆ, ಆದರೆ ದನಿ ಒಡೆದ ಡಬ್ಬಿ, ಅದಕ್ಕೇ ಶೆಡ್ಡಿನಲ್ಲಿ ಯಾರೂ ನನಗೆ ಓದಲು ಬಿಡುವುದಿಲ್ಲ. ಮನೆಗೆ ಹೋಗಿ ಕೈಕಾಲು ತೊಳೆಯುವ ಮೊದಲೇ ಕೊನೆಯ ಪುಟ ತೆಗೆದೆ.

ರೊಟ್ಟಿ ಇರಲಿಲ್ಲ. ಬಾಗಿಲೂ ತೆರೆದಿರಲಿಲ್ಲ. ತಂಗಿ ಜಗಲಿಯಲ್ಲಿ ಸಂಜೆಯವರೆಗೆ ಕೂತು, ಕೊನೆಯ ದೋಣಿಗೆ ವಾಪಸು ಹೋಗಿದ್ದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬರೆದವನ ಮೇಲೆ ಒಂದು ಪಾಲು, ರೇಣುಕಾಳ ಮೇಲೆ ಮೂರು ಪಾಲು. ಶನಿವಾರ ಶೆಡ್ಡಿನ ನೀರಿನ ಟಾಕಿಯ ಹತ್ತಿರ ಅವಳ ರಟ್ಟೆ ಹಿಡಿದೆ.

"ಸುಳ್ಳ ಓದಿದಿ."

ಅವಳು ಅಳಲು ಶುರು ಮಾಡಿದಳು. "ಅಕ್ಕಾ, ಆಕಿ ಆಣಿ ಮಾಡಿದ್ಲಲ್ಲ. ಬಾಗಲಾ ತೆರೀಲಿಲ್ಲ ಅಂತ ಓದಿದ್ರ ಆಕಿ ಸಾಯೂತನಕ ಹೋಗ್ತಿದ್ದಿಲ್ಲ. ನಾಕ ಸಾಲಾ ಕೂಡಿಸಿ ಹೇಳಿದೆ. ಯಾರಿಗೇನ ನಷ್ಟ ಆತು?"

"ನಾಳಿ ಅಲ್ಲಿ ಆ ಪುಸ್ತಕಾ ಓದಿದವರು ಕುಂತಿರ್ತಾರ. ಅವರ ಮುಂದ ಆಕಿ ನಿಂತು ರೊಟ್ಟಿ ಕತಿ ಹೇಳಿದ್ರ ನಗಂಗಿಲ್ಲೇನು?"

ಅವಳಿಗೆ ಅದು ತಲೆಗೇ ಬಂದಿರಲಿಲ್ಲ. "ನೀನ ಹೇಳಿಬಿಡಕ್ಕಾ. ನನಗ ಧೈರ್ಯ ಇಲ್ಲ" ಎಂದಳು. ಎಲ್ಲ ಬಿಟ್ಟು ನನ್ನ ತಲೆಗೇ ಕಟ್ಟಿದಳು.

ಭಾನುವಾರ ಬೆಳಿಗ್ಗೆ ತಿಕೋಟಾದಿಂದ ವಿಜಯಪುರದ ಬಸ್ಸು. ಮಾಶಾಬಿ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ತೆಗೆದು ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಿದ್ದಳು. ಒಂದು ಬಿಳಿ ಅರಿವೆಯಲ್ಲಿ ಒಣದ್ರಾಕ್ಷಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದಳು, ಅಕ್ಕನಿಗೆ. ತನ್ನ ಕೈಯಾರೆ ಒಂದೊಂದೇ ಆರಿಸಿದ್ದಂತೆ, ಒಂದು ಕಡ್ಡಿ ಸಿಕ್ಕರೆ ಹೇಳು ಎಂದಳು. ದಾರಿಯುದ್ದಕ್ಕೂ ತಾನು ಆಡಬೇಕಾದ ಮಾತನ್ನು ನನಗೇ ಒಪ್ಪಿಸುತ್ತಿದ್ದಳು.

ಹೇಳಬೇಕೆಂದು ಬಾಯಿ ತೆರೆದೆ. ಟಿಕೆಟ್ ಕೇಳಲು ಕಂಡಕ್ಟರ್ ಬಂದ. ಮತ್ತೆ ತೆರೆದೆ. "ಗುಲಶನ ಆಪಾಗ ಬಿಪಿ ಐತಂತ, ಉಪ್ಪು ಬಿಟ್ಟಾಳಂತ, ಯಾರೋ ಅಂದ್ರು" ಎಂದು ಮಾಶಾಬಿ ಕಿಟಕಿಯ ಕಡೆ ನೋಡುತ್ತ ಅಂದಳು. ಅಕ್ಕನ ಹೆಸರು ಅವಳ ಬಾಯಲ್ಲಿ ಕೇಳಿದ್ದು ನನಗೆ ಅದೇ ಮೊದಲು. ಇನ್ನು ಹೇಗೆ ಹೇಳುವುದು? ಹೇಳಿದರೆ ಬಬಲೇಶ್ವರ ತಪ್ಪುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ. ಚೀಲದಲ್ಲಿದ್ದ ಪುಸ್ತಕವನ್ನು ಒಮ್ಮೆ ಆ ತೊಡೆಗೆ, ಒಮ್ಮೆ ಈ ತೊಡೆಗೆ ಇಡುತ್ತ ಕೂತೆ. "ಯಾಕ ಬೇ, ಇರವಿ ಕಚ್ಚಾಕತ್ತಾವೇನು?" ಎಂದು ಅವಳೇ ನಕ್ಕಳು.

ಚಂದ್ರಕಾಂತರ ಮಹಡಿಯಲ್ಲಿ ಮೂವತ್ತರಷ್ಟು ಜನ ಜಮಖಾನದ ಮೇಲೆ ಕೂತಿದ್ದರು. ಒಬ್ಬ ಮುದುಕರು ತಾವು ಓದುತ್ತಿರುವ ಪ್ರವಾಸದ ಪುಸ್ತಕ ಬಹಳ ಒಳ್ಳೆಯದೆಂದೂ, ನಾಲ್ಕು ಸಾಲಿಗೆ ನಿದ್ದೆ ಹತ್ತುತ್ತದೆಂದೂ ಹೇಳಿದರು. ಕಾಖಂಡಕಿಯಿಂದ ಬಂದ ಒಬ್ಬ ಹೆಣ್ಣುಮಗಳು ಪತ್ತೇದಾರಿ ಕಾದಂಬರಿ ಹಿಡಿದು, ಕೊಂದವನು ಯಾರೆಂದು ತನಗೆ ಮೊದಲೇ ಗೊತ್ತಾಯಿತು, ಪೊಲೀಸರಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಜಗಳಕ್ಕೆ ನಿಂತಳು. ಜನ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಒಬ್ಬೊಬ್ಬರ ಮಾತು ಮುಗಿದಾಗಲೂ ಮುಂದಿನ ಪಾಳಿ ಮಾಶಾಬಿಯದೇನೋ ಎಂದು ಚಂದ್ರಕಾಂತರ ಕಡೆ ನೋಡುತ್ತಿದ್ದೆ. ಅವರನ್ನು ಕರೆದು ಗುಟ್ಟಾಗಿ ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ಅವರೇ, "ಈಗ ತಿಕೋಟಾದ ಮಾಶಾಬಿಯವರು ಮಾತಾಡ್ತಾರ" ಎಂದುಬಿಟ್ಟರು.

ಮಾಶಾಬಿ ನಿಂತಳು. ಸೆರಗು ಸರಿ ಮಾಡಿಕೊಂಡಳು.

"ನಾ ಓದಿಲ್ರಿ, ಕೇಳೇನಿ. ದ್ರಾಕ್ಷಿ ಆರಿಸಿಕೋಂತ ಕೇಳೇನಿ. ಸುರವಿಗಿ ನನಗ ಈ ಪುಸ್ತಕಾ ಸೇರಲಿಲ್ಲ ಬಿಡ್ರಿ, ಎಲ್ಲಿ ನೋಡಿದ್ರ ಅಲ್ಲಿ ನೀರು. ಆಮ್ಯಾಲ ಆ ತಂಗಿ ಹೊಳಿ ದಂಡಿಗಿ ನಿಂತು ಅಕ್ಕನ ಮನಿ ದೀಪಾ ನೋಡ್ತಾಳಲ್ರಿ, ಅಲ್ಲಿಂದ ನನಗ ಕೆಲಸದ ಮ್ಯಾಲ ಮನಸ ನಿಲ್ಲವಲ್ದು. ಮನಿಗಿ ಹೋದ್ರೂ ಅದ. ದೀಪಾ ಕಾಣ್ತದ, ಹೋಗಾಕ ಬರವಲ್ದು. ಇದನ್ನ ಬರದಾವಗ ಅಕ್ಕಾ ತಂಗಿ ಅದಾರೇನೋ, ಇಲ್ಲಾಂದ್ರ ಹೆಂಗ ಗೊತ್ತಾತು?"

ಜನ ಅಲುಗಾಡದೆ ಕೇಳುತ್ತಿದ್ದರು. ಸಾಕು, ಇಲ್ಲಿಗೆ ಕೂತುಕೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಕೂರಲಿಲ್ಲ.

"ಭಾಳ ಚಲೋ ಅನಿಸಿದ್ದು ಕಡೀಮಾತು. ಅಕ್ಕ ಬಾಗಲಾ ತೆಗದು, ಯಾಕ ಬಂದಿ ಏನು ಅಂತ ಒಂದ ಮಾತ ಕೇಳ್ಲಿಲ್ರಿ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ ಮುಂದ ಇಟ್ಲು. ಮಾಫಿ ಅಂದ್ರ ಅದ ನೋಡ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗೋಡೆಯ ಬದಿಗೆ ಕೂತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಿಜಾಮುದ್ದೀನ ಎಂಬ ತರುಣ ಮೆಲ್ಲಗೆ ಕೈ ಎತ್ತಿದ. ಅವನಲ್ಲಿ ಕೊಂಕು ಇರಲಿಲ್ಲ.

"ಖಾಲಾ, ತಪ್ಪ ತಿಳೀಬ್ಯಾಡ್ರಿ. ನಾನೂ ಓದೇನಿ. ಆ ಬಾಗಲಾ ತೆರಿಯಂಗಿಲ್ಲಲ್ರಿ. ನಾ ಅದಕ್ಕ ಅತ್ತಿದ್ದೆ."

ಮಾಶಾಬಿ ನನ್ನ ಕಡೆ ತಿರುಗಿದಳು. "ಕಸ್ತೂರಿ, ಏನ ಅನ್ನಾಕತ್ತಾರ ಇವರು?"

"ಖರೇ ಅಕ್ಕಾ."

"ನಿನಗ ಗೊತ್ತಿತ್ತು?"

"ಮೊನ್ನೆ ಗೊತ್ತಾತು."

ಅವಳ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಅವಳ ಮಾತು ಮಾತ್ರ ಕೇಳಿಸಿತು. "ಹಂಗಾದ್ರ ನಾ ಕೇಳಿದ್ದು ಬ್ಯಾರೆ ಪುಸ್ತಕಾ ಐತ್ರಿ. ನಿಮ್ಮ ಪುಸ್ತಕದ ಬಗ್ಗೆ ನನಗೇನೂ ಗೊತ್ತಿಲ್ಲ" ಎಂದು ಹೇಳಿ, ಗಂಟು ಎತ್ತಿಕೊಂಡು ಮೆಟ್ಟಿಲು ಇಳಿದುಬಿಟ್ಟಳು. ಚಂದ್ರಕಾಂತರು ಚಹಾ ಕುಡಿದು ಹೋಗ್ರಿ ಎಂದು ಹಿಂದೆಯೇ ಬಂದರು. ಪುಸ್ತಕ ಆಮೇಲೆ ಕೊಡುತ್ತೇನೆ ಎಂದು ಅವರಿಗೆ ಹೇಳಿ ನಾನೂ ಓಡಿದೆ.

ಬಸ್ ನಿಲ್ದಾಣದವರೆಗೆ ಅವಳು ನನಗಿಂತ ಮುಂದೆಯೇ ದಾಪುಗಾಲು ಹಾಕಿದಳು. ತಿಕೋಟಾ ಬಸ್ಸು ನಿಲ್ಲುವ ಕಡೆ ಹೋಗಿ ಕಟ್ಟೆಯ ಮೇಲೆ ಕೂತಳು.

"ಬಬಲೇಶ್ವರ?" ಎಂದೆ.

"ಯಾಕ, ಅಲ್ಲೀನೂ ನಗಸ್ಕೊಬೇಕೇನು? ಬರದಾವಗ ಗೊತ್ತೈತಿ, ಅಂಥಾ ಬಾಗಲಾ ತೆರಿಯಂಗಿಲ್ಲ ಅಂತ. ಗೊತ್ತಿಲ್ಲದಾಕಿ ನಾ ಒಬ್ಬಾಕೀನ."

"ರೇಣುಕಾ ನಿನ್ನ ಸಲುವಾಗಿ..."

"ಆಕೀ ಹೆಸರ ತಗೀಬ್ಯಾಡ. ನಿಂದೂ ಅಷ್ಟ. ಎಳೀ ಕೂಸಿಗಿ ಗುಳಗಿ ಹಾಕೂ ಮುಂದ ಬೆಲ್ಲಾ ನೆಕ್ಕಸ್ತಾರಲ್ಲ, ಹಂಗ ಮಾಡೀರಿ ನನಗ."

ಆ ಮಾತು ನನಗೆ ನಾಟಿತು. ನಾಟಿದ್ದಕ್ಕೆ ಸಿಟ್ಟೂ ಬಂತು. ಹೌದು, ಮೊನ್ನೆಯಿಂದ ನಾನು ಇವಳ ಮಾನದ ಬಗ್ಗೆ, ಇವಳ ಅಕ್ಕನ ಬಗ್ಗೆ ಚಿಂತಿಸಿದ್ದೇ ಚಿಂತಿಸಿದ್ದು. ಪುಸ್ತಕದಲ್ಲಿ ನಿಜವಾಗಿ ಏನಿದೆ ಎಂದು ಕೇಳುವ ಹಕ್ಕು ಇವಳಿಗಿದೆ ಎಂದು ನನಗೂ ಹೊಳೆದಿರಲಿಲ್ಲ, ರೇಣುಕಾಳಿಗೂ ಹೊಳೆದಿರಲಿಲ್ಲ. ಚೀಲದಿಂದ ಪುಸ್ತಕ ತೆಗೆದೆ.

"ಕೇಳು. ಕೇಳಿದ ಮ್ಯಾಲ ಬೇಕಾದ್ರ ನನ್ನ ಬೈ."

ಅಲ್ಲೇ, ಬಸ್ಸುಗಳ ಹೊಗೆ, ಬಾಳೆಹಣ್ಣು ಮಾರುವವನ ಕೂಗು, ಮೈಕಿನ ಗದ್ದಲದ ನಡುವೆ ನನ್ನ ಒಡೆದ ಡಬ್ಬಿಯ ದನಿಯಲ್ಲಿ ಓದತೊಡಗಿದೆ. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು, ನೋಡಲಿ ಎಂದು ಬಿಟ್ಟೆ. "ಜಗಲಿಯ ಮೇಲೆ ಅವಳು ಕೂತೇ ಇದ್ದಳು. ಅಕ್ಕಾ ಎಂದು ಕರೆಯಲು ನಾಲಗೆ ಏಳಲಿಲ್ಲ. ತಾನು ಬಂದದ್ದು ಅಕ್ಕನಿಗೆ ತಿಳಿದಿರಬೇಕು, ತಿಳಿದರೆ ತಾನಾಗಿ ತೆರೆಯಲಿ ಎಂದುಕೊಂಡಳು. ಬಾಗಿಲಿನ ಒಳಬದಿಗೆ ಅಕ್ಕ ಅಗಳಿಯ ಮೇಲೆ ಕೈ ಇಟ್ಟು ನಿಂತಿದ್ದಳು. ಇಷ್ಟು ದೂರ ಬಂದವಳು ಒಂದು ಸಲ ಕರೆಯಬಾರದೆ, ಕರೆದರೆ ತೆರೆಯುತ್ತೇನೆ ಎಂದುಕೊಂಡಳು. ಕೊನೆಯ ದೋಣಿಯ ಕೊಂಬು ಮೊಳಗಿತು."

ನಿಲ್ಲಿಸಿದೆ. ಮಾಶಾಬಿ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು.

"ಆಕಿ ಕರೀಲೇ ಇಲ್ಲೇನು?"

"ಇಲ್ಲ."

"ಒಳಗಿದ್ದಾಕಿ ಅಲ್ಲೇ ನಿಂತಿದ್ಲು?"

"ಅಲ್ಲೇ. ಅಗಳಿ ಮ್ಯಾಲ ಕೈ ಇಟ್ಟು."

"ಇನ್ನೊಮ್ಮಿ ಓದು."

ಓದಿದೆ. ತಿಕೋಟಾ ಬಸ್ಸು ಬಂತು, ತುಂಬಿಕೊಂಡು ಹೋಯಿತು. ಅವಳು ಏಳಲಿಲ್ಲ.

"ಎಂಥಾ ಹುಚ್ಚ ಮಂದಿ ಇವರು" ಎಂದಳು ಕೊನೆಗೆ. "ಒಂದ ಸಲ ಕರದಿದ್ರ ಏನ ಗಂಟ ಹೋಗ್ತಿತ್ತು ಈಕೀದು? ರೇಣುಕಾ ಬಾಗಲಾ ತೆಗದು ರೊಟ್ಟಿ ತಿನಿಸಿದ್ಲು. ಇದನ್ನ ಮಾತ್ರ ಬಿಟ್ಲು. ಮೊದಲ ಓದಬೇಕಾದ್ದು ಇದನ್ನ." ಗಂಟು ಎತ್ತಿಕೊಂಡು ಎದ್ದು ನಿಂತು, "ಬಬಲೇಶ್ವರ ಬಸ್ ಎಲ್ಲಿ ನಿಲ್ತದ?" ಎಂದು ಕೇಳಿದಳು.

ಗುಲಶನಳ ಮನೆ ಊರ ಒಳಗಿನ ಒಂದು ಓಣಿಯಲ್ಲಿ. ನಾವು ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಹಸಿರು ಬಣ್ಣದ ಬಾಗಿಲು, ಎರಡೂ ಕದ ಮುಂದಕ್ಕೆ ಎಳೆದು ಮುಚ್ಚಿದ್ದವು. ಬಾಗಿಲ ಪಕ್ಕ ಕಲ್ಲಿನ ಕಟ್ಟೆ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಮಾಶಾಬಿ ಬಾಗಿಲವರೆಗೆ ಚುರುಕಾಗಿ ಬಂದವಳು, ಅಲ್ಲಿಗೆ ಬಂದು ಏನು ಮಾಡಿದಳು ಗೊತ್ತೆ? ಕಟ್ಟೆಯ ಮೇಲೆ ಕೂತುಬಿಟ್ಟಳು!

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಷ್ಟು ಹೊತ್ತು ಆ ತಂಗಿಯನ್ನು ಬೈದವಳು ಇವಳೇ ಅಲ್ಲವೇ? "ಕರಿ ಅಕ್ಕಾ" ಎಂದು ಪಿಸುಗುಟ್ಟಿದೆ. ತಲೆ ಅಲ್ಲಾಡಿಸಿದಳು. ಬಾಗಿಲು ತಟ್ಟಲು ನಾನೇ ಕೈ ಎತ್ತಿದೆ. ನನ್ನ ಮಣಿಕಟ್ಟು ಹಿಡಿದು ಕೆಳಗೆ ಎಳೆದಳು.

ಎದುರು ಮನೆಯ ಹೆಂಗಸು ನೋಡಿ, ಗುರುತು ಹಿಡಿದು, "ಅಯ್ಯ, ಮಾಶಾಬಿ!" ಎಂದು ಉದ್ಗರಿಸಿ, ಲಗುಬಗೆಯಿಂದ ತನ್ನ ಮನೆಯೊಳಗೆ ಹೋದಳು. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಕಾಲಲ್ಲಿ ಮಣ್ಣು ಕೆದರಿದೆ. ಸ್ವಲ್ಪ ಹೊತ್ತಿಗೆ ಒಳಗಿನ ರೊಟ್ಟಿಯ ಸಪ್ಪಳ ನಿಂತಿತು. ಬಳೆಯ ಸದ್ದು ಬಾಗಿಲ ಹತ್ತಿರದವರೆಗೆ ಬಂತು. ಅಲ್ಲೇ ನಿಂತಿತು.

ಅದು ನಮ್ಮಿಬ್ಬರಿಗೂ ಕೇಳಿಸಿತು. ಮಾಶಾಬಿ ನನ್ನನ್ನು ನೋಡಿದಳು. ಜೀವಮಾನದಲ್ಲಿ ಒಮ್ಮೆಯಾದರೂ ಅಲುಗಾಡದೆ ಕಾಯಬೇಕೆಂದು ಹಲ್ಲು ಕಚ್ಚಿ ಕೂತೆ.

ಅವಳು ಎದ್ದಳು. ಮೊದಲನೆಯ ಸಲ ದನಿಯೇ ಹೊರಡಲಿಲ್ಲ, ಬರೀ ತುಟಿ ಅಲುಗಿತು. ಆಮೇಲೆ ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಆಪಾ!"

ಒಳಗೆ ಬಳೆ ಅಲುಗಿದವು. ಆಮೇಲೆ ಅಳುವನ್ನು ಗದರಿಕೆಯಲ್ಲಿ ಮುಚ್ಚಿಕೊಂಡ ಒಂದು ದನಿ ಬಂತು.

"ಅಗಳಿ ಹಾಕಿಲ್ಲ. ನನ್ನ ಕೈ ಹಿಟ್ಟಾಗ್ಯಾವ, ನೀನ ದಬ್ಬು."

ಮಾಶಾಬಿಯ ಕೈ ಬಾಗಿಲಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ನನ್ನ ಕಡೆ ತಿರುಗಿ ಗಂಟು ಬಿಚ್ಚಿದಳು. ನಾನು ಸೆರಗು ಒಡ್ಡಿದೆ. ಒಂದು ಬೊಗಸೆ ಹಾಕಿದಳು, ಉಕ್ಕುವಷ್ಟು, ಮೇಲೆ ಇನ್ನೊಂದು ಬೊಗಸೆ ಹಾಕಿದಳು.

"ಮೊದಲಿಂದು ನಿನಗ. ಇನ್ನೊಂದು ರೇಣುಕಾನ ಬುಟ್ಟಿಗಿ ಹಾಕು" ಎಂದು ಹೇಳಿ, ಬಾಗಿಲು ದಬ್ಬಿ ಒಳಗೆ ಹೋದಳು.